ಅರ್ಧ ತಾಸು ಕೂಡ್ರಿ

ಗುರುವಾರಕ್ಕೊಮ್ಮೆ ನಲವತ್ತು ತಾಯಂದಿರಿಗೆ
ಒಂದೇ ದನಿಯಲ್ಲಿ ಹೇಳುವ ಮಾತು ನನ್ನದು:
"ಜ್ವರ ಬರ್ತಾವ, ಬರಲಿ, ಅಂಜಬ್ಯಾಡ್ರಿ.
ಚುಚ್ಚಿದ ಜಾಗ ತಿಕ್ಕಬ್ಯಾಡ್ರಿ, ಕಾಸಬ್ಯಾಡ್ರಿ.
ಅರ್ಧ ತಾಸು ಇಲ್ಲೇ ಕೂಡ್ರಿ, ಆಮ್ಯಾಲ ಮನಿಗೆ ಹೋಗ್ರಿ."
ಹನ್ನೊಂದು ವರ್ಷ ಹೇಳಿ ಹೇಳಿ
ನಾಲಿಗೆಯಲ್ಲಿ ಆ ಮಾತಿಗೊಂದು ಇಳಿಜಾರು ಬಿದ್ದಿದೆ,
ಖಾಸಬಾವಿಯ ಮೆಟ್ಟಿಲು ನಡುವೆ ಸವೆದ ಹಾಗೆ.

ಇವತ್ತು ಸಿಯಾತಲಾಬಿನ ಅಂಗನವಾಡಿಯಲ್ಲಿ
ಕೊನೆಯ ಸರದಿ ನನ್ನ ಸೂಗುವಿನದು.
ಹದಿನೇಳು ತಿಂಗಳು. ಹತ್ತೂವರೆ ಕಿಲೋ.
ಅತ್ತೆಯ ಸೊಂಟದ ಮೇಲೆ ಬಂದವ
ಲಸಿಕೆಯ ನೀಲಿ ಡಬ್ಬಿ ಕಂಡು ನಕ್ಕ:
ಮನೆಯಲ್ಲಿರುವ ಅಂಥದೇ ಮುರುಕು ಡಬ್ಬಿ ಅವನ ಕುದುರೆ.
ಚುಚ್ಚಲು ಬೇರೆ ಯಾರೂ ಇರಲಿಲ್ಲ.
ನಾನೇ ತೊಡೆ ಹಿಡಿದೆ, ನಾನೇ ಚುಚ್ಚಿದೆ,
"ಆತು, ಆತು" ಅಂದೆ.
ಅಳುವ ಮೊದಲು ಎರಡು ಸೆಕೆಂಡು
ಅವ ನನ್ನ ಮುಖ ನೋಡಿದ,
ಯಾರೋ ಚುಚ್ಚಿದರವ್ವಾ, ನೋಡು, ಎನ್ನುವ ಹಾಗೆ.
ದೂರು ನನಗೇ ಕೊಟ್ಟ.
ನನ್ನ ಮೇಲೇ ಅಂತ ಅವನಿಗೆ ಗೊತ್ತಿರಲಿಲ್ಲ.

ರಾತ್ರಿ ಒಂಬತ್ತಕ್ಕೆ ಹಣೆ ಬೆಚ್ಚಗೆ.
ಹತ್ತೂವರೆಗೆ ರೊಟ್ಟಿ ಹಂಚು.
ತೊಡೆಯಲ್ಲಿ ಗಟ್ಟಿ ಗಂಟು, ಕಾಲು ನೆಲಕ್ಕೆ ಊರಲೊಲ್ಲ.
ಗಂಡನಿಗೆ ಹತ್ತಿ ಜಿನ್ನಿನಲ್ಲಿ ರಾತ್ರಿ ಪಾಳಿ.
ಅತ್ತೆ ಉಪ್ಪಿನ ಗಂಟು ಬಿಸಿ ಮಾಡಲು ಎದ್ದರು.
"ಕಾಸಬ್ಯಾಡ್ರಿ" ಅಂದೆ, ಗುರುವಾರದ ದನಿಯಲ್ಲೇ.
"ಹೊಟ್ಟಿಲೆ ಹುಟ್ಟಿದ ಕೂಸಿಗೂ ಸರಕಾರದ ಮಾತೇನವ್ವ?"
ಗೋಡೆ ಕಡೆ ತಿರುಗಿ ಮಲಗಿದರು. ನಿದ್ದೆ ಮಾಡಲಿಲ್ಲ.

ಔಷಧದ ಲೆಕ್ಕ ನನಗೆ ಬಾಯಿಪಾಠ.
ಆದರೂ ಬಾಟಲಿ ಬೆಳಕಿಗೆ ಹಿಡಿದು ಮೂರು ಸಲ ಓದಿದೆ,
ಈಗಷ್ಟೇ ಅಕ್ಷರ ಕಲಿತವಳ ಹಾಗೆ.
ಅರ್ಧ ಕುಡಿದ, ಅರ್ಧ ನನ್ನ ಕೊರಳ ಮೇಲೆ ಉಗುಳಿದ.
ಹೊಟ್ಟೆಗೆ ಹೋದದ್ದೆಷ್ಟು?
ಇದನ್ನು ಯಾವ ತರಬೇತಿಯಲ್ಲೂ ಹೇಳಲಿಲ್ಲ.

ಗಡಿಯಾರ ಹಿಡಿದು ಒಂದು ನಿಮಿಷ ಉಸಿರು ಎಣಿಸಿದೆ.
ಅಷ್ಟರಲ್ಲಿ ಶಕ್ತಿನಗರದ ಕಡೆಗೆ ಕಲ್ಲಿದ್ದಲ ಗೂಡ್ಸು,
ಅದರ ಡಬ್ಬಿಗಳು ಅವನ ಉಸಿರಿನ ನಡುವೆ ಬಂದು ಸೇರಿ
ಲೆಕ್ಕ ತಪ್ಪಿತು. ಮೂವತ್ತನಾಲ್ಕೋ, ಐವತ್ತೆಂಟೋ?
ಮತ್ತೆ ಮೊದಲಿನಿಂದ. ಮೂವತ್ತಾರು. ಸರಿಯಿದೆ.
ಸರಿಯಿದೆ ಅಂತ ಗೊತ್ತಿದ್ದೂ ಇನ್ನೊಮ್ಮೆ.

ಹನ್ನೆರಡಕ್ಕೆ ಫೋನು.
ರಿಹಾನಾ, ಬೆಳಿಗ್ಗೆ ಮೂರನೆಯ ಸರದಿಯವಳು.
"ಸಿಸ್ಟರ್, ಮಿಸ್ಬಾನ ಮೈ ಸುಡಾಕತ್ತೈತ್ರಿ.
ಹಾಲೂ ಒಲ್ಲಂತಾಳ. ಏನ್ ಮಾಡ್ಲಿ?"
ಮಾತು ತಾನಾಗಿಯೇ ಇಳಿಜಾರಿಗೆ ಬಿತ್ತು:
"ಏನೂ ಆಗಂಗಿಲ್ಲವ್ವ. ಒದ್ದಿ ಬಟ್ಟಿಲೆ ಮೈ ಒರಸು.
ಉಚ್ಚಿ ಹೊಯ್ದಾಳಿಲ್ಲೋ? ಹಂಗಾರ ಅಂಜಬ್ಯಾಡ.
ಫಿಟ್ಸ್ ಬಂದ್ರ, ಎಚ್ಚರ ತಪ್ಪಿದ್ರ, ರಿಮ್ಸಿಗೆ..."

ನನ್ನ ಹೆಗಲ ಮೇಲೆ ಸೂಗು ಆ ಹೊತ್ತಿಗೇ ಕಿರುಚಿದ.

ಆ ತುದಿಯಲ್ಲಿ ಒಂದು ಗಳಿಗೆ ಏನೂ ಇಲ್ಲ.
ಆಮೇಲೆ, ಸಣ್ಣಗೆ:
"ನಿಮ್ಮನ್ಯಾಗೂ ಅಳಾಕತ್ತೈತೇನ್ರಿ?"
ಹೂಂ ಅಂದೆ.
"ನೀವೇ ಹಾಕಿದ್ರೇನು ಅವಗ?"
ಹೂಂ.

ಅವಳು ಫೋನು ಇಡಲಿಲ್ಲ. ನಾನೂ ಇಡಲಿಲ್ಲ.
ಅವಳ ಮನೆಯ ಫ್ಯಾನು ನನ್ನ ಕಿವಿಯಲ್ಲಿ ಕಿರಗುಟ್ಟಿತು.
ಮಿಸ್ಬಾ ಅಲ್ಲಿ ಅತ್ತಾಗ ಇವ ಒಂದಿಷ್ಟು ಸುಮ್ಮನಾಗಿ
ಕಿವಿಗೊಟ್ಟು ಕೇಳಿ, ಮತ್ತೆ ತನ್ನದು ಶುರು ಮಾಡಿದ.
"ಅರ್ಧ ತಾಸು ಕೂಡೂಣ್ರಿ ಸಿಸ್ಟರ್,
ಆಮ್ಯಾಲ ಇಡೂಣು" ಅಂದಳು ರಿಹಾನಾ.
ಯಾರು ಮೊದಲು ಮಲಗಿದರೋ, ಚಾರ್ಜು ಯಾವಾಗ ಮುಗಿಯಿತೋ.

ಬೆಳಿಗ್ಗೆ ಮೈ ತಣ್ಣಗೆ, ಕಾಲು ಇನ್ನೂ ಕುಂಟು.
ನಾನು ಕೈ ಚಾಚಿದರೆ ಬರಲೊಲ್ಲ.
ಕಸಬರಿಗೆಯ ಕಡ್ಡಿಯೊಂದನ್ನು ಕಿತ್ತು
ಕುಂಟುತ್ತ ಹೋಗಿ ಕುದುರೆಯ ಪಕ್ಕಕ್ಕೆ ಚುಚ್ಚಿದ.
"ಆತು, ಆತು" ಅಂದ.
ಕುದುರೆ ಅಳುತ್ತದೇನೋ ಅಂತ
ಸ್ವಲ್ಪ ಹೊತ್ತು ಅಲ್ಲೇ ಕೂತ.