ಸೇರ್ಪಡೆಯ ಮಾನದಂಡ

ಮೊದಲ ಪಾಠ: ಪ್ರಶ್ನೆಯನ್ನು ಎರಡು ಸಲ ದಾಟಿಸಬೇಕು.
ಇಂಗ್ಲಿಷಿನಿಂದ ಕನ್ನಡಕ್ಕೆ, ಮತ್ತೆ ಬೇರೆಯವರ ಕೈಯಲ್ಲಿ
ಕನ್ನಡದಿಂದ ಇಂಗ್ಲಿಷಿಗೆ. ಹೋದದ್ದೇ ಮರಳಿ ಬಂದರೆ
ದೋಣಿ ಸೋರಿಲ್ಲ ಎಂದು ಲೆಕ್ಕ.
ನನ್ನದು ಒಣಗಿಕೊಂಡೇ ದಡ ಸೇರಿತ್ತು:
‘ನಿಮ್ಮ ವಾರ್ಡಿನ ನಾಯಕರು ಯಾರು?’

ಕಾರವಾರದ ಆಸ್ಪತ್ರೆ, ಹೆರಿಗೆ ವಾರ್ಡು, ಅಕ್ಟೋಬರಿನ ಬೆವರು.
ಆಯಾ ಶೇವಂತಿ (ಹೆಸರು ಬದಲಿಸಿದ್ದೇನೆ)
ಬಕೆಟ್ಟು ಕೆಳಗಿಟ್ಟು ನಕ್ಕಳು:
‘ಇಲೆಕ್ಷನ್ ಬಂತನ್ರೀ ಬಾಯಿ?’
ಒಂದರಿಂದ ಐದರ ಅಳತೆಪಟ್ಟಿಯಲ್ಲಿ
ಆ ನಗುವಿಗೆ ಮನೆ ಇರಲಿಲ್ಲ.
ಉಳಿದವರೆಲ್ಲ ‘ಸಂಪೂರ್ಣ ಒಪ್ಪುತ್ತೇನೆ’ಗೇ ಟಿಕ್ಕು ಹಾಕಿದರು,
ಕಾಗದದ ಮೇಲೆ ಸೀಲು ಇತ್ತಲ್ಲ.

ನಾನೂ ಅಲ್ಲಿಯದೇ ನರ್ಸು. ಹನ್ನೊಂದು ವರ್ಷ.
ಯೂನಿಫಾರ್ಮ್ ಇಲ್ಲದೆ ನೋಟುಬುಕ್ಕು ಹಿಡಿದು ಹೋದ ದಿನ
ಸ್ಟೂಲು ಎಲ್ಲಿ ಹಾಕಲಿ ಎಂಬುದೇ ತಿಳಿಯಲಿಲ್ಲ.
ಬಾಗಿಲಲ್ಲಿ ಕೂತರೆ ಕಾವಲು, ಮೂಲೆಯಲ್ಲಿ ಕೂತರೆ ಸಿಐಡಿ.
ನೋಡು, ಮುಟ್ಟಬೇಡ, ಎಂದಿದ್ದರು ಗೈಡು.
ಮುಗಿಯುತ್ತಿರುವ ಡ್ರಿಪ್ಪು ಕಂಡರೆ ಕೈ ತಾನಾಗಿ ಏಳುತ್ತದೆ.
ಮುಟ್ಟಿದೆ. ಅದನ್ನೂ ಬರೆದುಕೊಂಡೆ:
ಹತ್ತೂ ನಲವತ್ತು, ವೀಕ್ಷಕಿ ಬಾಟಲಿ ಬದಲಿಸಿದಳು.

ಆಮೇಲೆ ಪ್ರಶ್ನೆ ಒಡೆದು ಹೊಸದಾಗಿ ಕಟ್ಟಿದೆ:
‘ರಾತ್ರಿ ಎರಡು ಗಂಟೆ. ಆಕ್ಸಿಜನ್ ಮುಳ್ಳು ಇಳಿಯುತ್ತಿದೆ.
ಬಾಯಿಗೆ ಮೊದಲು ಬರುವ ಹೆಸರು?’
ಈಗ ಯಾರೂ ನಗಲಿಲ್ಲ.
ಹಿರಿಯ ಸಿಸ್ಟರ್ ಕನ್ನಡಕ ತೆಗೆದು ಒರೆಸಿದರು,
ಮತ್ತೆ ಹಾಕದೆಯೇ ಹೇಳಿದರು.
ಡಾಕ್ಟರು ‘ಪ್ರೋಟೊಕಾಲ್ ಪ್ರಕಾರ’ ಎಂದು ಶುರು ಮಾಡಿ
ನಡುವೆ ನಿಂತು, ಅದೇ ಹೆಸರು.
ಶೇವಂತಿ ಅದನ್ನೂ ಹೇಳಲಿಲ್ಲ, ಗದ್ದ ಎತ್ತಿ
ಸಿಲಿಂಡರ್ ಕೋಣೆಯ ಕಡೆ ತೋರಿಸಿದಳು.
ರೆಕಾರ್ಡರಿನಲ್ಲಿ ಅಲ್ಲಿ ಬರೀ ಫ್ಯಾನಿನ ಸದ್ದು.
ಕಂಸ ಹಾಕಿ ಬರೆದೆ: (ಗದ್ದ).

ಕಾಜುಬಾಗಿನ ಬಾಡಿಗೆ ಕೋಣೆ, ನೆಲದ ಮೇಲೆ ಡ್ರಾಯಿಂಗ್ ಹಾಳೆ.
ಯಾರು ಯಾರನ್ನು ಕೂಗಿದರೋ ಅವರಿಗೊಂದು ಬಾಣ.
ಸರ್ಜನ್‌ಗೆ ಎರಡು.
ಮೇಟ್ರನ್‌ಗೆ ಆರು, ಅದರಲ್ಲೊಂದು ಆಕೆ ತಾನೇ ಬಿಟ್ಟದ್ದು.
ಉಳಿದವೆಲ್ಲ ಹಾಳೆಯ ಅಂಚು ದಾಟಿ ನೆಲಕ್ಕಿಳಿದವು.
ಅವನು ನನ್ನ ಹಾಳೆಯಲ್ಲೇ ಇರಲಿಲ್ಲ.
ಮಾನದಂಡ ನಾಲ್ಕು: ಖಾಯಂ ನೌಕರರು ಮಾತ್ರ.
ನಾನೇ ಟೈಪು ಮಾಡಿದ ಸಾಲು.

ಬೈತಖೋಲದಲ್ಲಿ ಮಾವ ಬಲೆ ಹೆಣೆಯುವಾಗ
ಎರಡು ಬೆರಳು ತೂರಿಸಿ ಕಣ್ಣಿನ ಅಳತೆ ನೋಡುತ್ತಾನೆ.
ಆ ಕಣ್ಣಿಗೆ ತಾರ್ಲೆ ನಿಲ್ಲುವುದಿಲ್ಲ. ಹಾಗಂತ
ಕಡಲಲ್ಲಿ ತಾರ್ಲೆಯೇ ಇಲ್ಲ ಎಂದು ಅವನು ಯಾವತ್ತೂ ಹೇಳಿಲ್ಲ.
ನಾನು ಹೇಳುವವಳಿದ್ದೆ,
ಐದನೇ ಅಧ್ಯಾಯದಲ್ಲಿ, ಕೋಷ್ಟಕ ಸಮೇತ.

ತಿದ್ದುಪಡಿಗೆ ಅರ್ಜಿ, ಐದು ವಾರದ ಕಾಯುವಿಕೆ,
ಕೊನೆಗೆ ಸಮ್ಮತಿಪತ್ರ ಹಿಡಿದು ಹೋದೆ.
ಅವನು ಸ್ಪ್ಯಾನರ್ ಒರೆಸಿಟ್ಟು ಎರಡೂ ಪುಟ ಓದಿದ
(ಯಾವ ಡಾಕ್ಟರೂ ಎರಡನೆಯದು ತಿರುವಿರಲಿಲ್ಲ).
‘ಇದರಲ್ಲಿ ನನ್ನ ಹೆಸರು ಮೇಲೆ ಬಂದ್ರೆ
ಮಾರ್ಚಿಗೆ ಏಜೆನ್ಸಿಯವ್ರು ಇಟ್ಕೊಳ್ತಾರೋ, ಬಿಡ್ತಾರೋ?’
ಗೌಪ್ಯವಾಗಿಡುತ್ತೇನೆ ಎಂದೆ. ಹೆಸರಿಲ್ಲ, ಬರೀ ನಂಬರು ಎಂದೆ.
‘ಈ ಕೋಣೆಗೆ ಎಷ್ಟು ಜನ ಇದ್ದೀವಿ, ಬಾಯಿ?’

ಒಬ್ಬನೇ.

ಕಾಗದವನ್ನು ಅದರದೇ ಮಡಿಕೆಯಲ್ಲಿ ಮಡಚಿ
ಮರಳಿ ಕೊಟ್ಟ. ಚಾ ಕುಡೀತ್ರಾ ಎಂದ.

ಪಠ್ಯದಲ್ಲಿ ಇದಕ್ಕೆ ಅರ್ಧ ಸಾಲು: ನಿರಾಕರಿಸುವ ಹಕ್ಕು.
ಹಾಳೆಯನ್ನು ಸುತ್ತಿ ಮಂಚದ ಕೆಳಗಿಟ್ಟಿದ್ದೇನೆ.

ಓದುವವರು ದಯವಿಟ್ಟು ಹುಡುಕಬೇಡಿ.
ಕೋಣೆ ಸಿಲಿಂಡರಿನದಲ್ಲ, ವಾರ್ಡು ಹೆರಿಗೆಯದಲ್ಲ,
ಅವನು ಅವನೇ ಎಂದೂ ಇಲ್ಲ.
ರಾತ್ರಿ ಎರಡು ಗಂಟೆಯೊಂದು ನಿಜ.
ಆಗ ವೀಕ್ಷಕಿಯೂ ಒಂದು ಹೆಸರು ಕೂಗಿದ್ದಳು.
ಆ ಬಾಣವನ್ನು ನಾನಿನ್ನೂ ಎಳೆದಿಲ್ಲ.