ಕಳ್ಳನ ಅಂಗಿ

ಶೆಫೀಲ್ಡಿನಲ್ಲಿ ಸಮತಟ್ಟು ಬೀದಿಯೆಂಬುದು
ನಾನು ಓಡಿಸುವ ಟ್ರಾಮಿಗೂ ಅಪರೂಪ.
ವಾಕ್ಲಿಯ ಏರಿನಲ್ಲಿ ನಮ್ಮ ಮನೆ,
ನೀಲಾಂಬಿಕೆಯ ಮಂಡಿ ಬಾತುಕೊಳ್ಳುವ ಮುಂಚೆ
ಬಾಡಿಗೆಗೆ ಹಿಡಿದದ್ದು.

ಒಂಬತ್ತು ವರ್ಷದವಳು ಬೆಳಗಾದರೆ
ಮೆಟ್ಟಿಲಿಳಿಯುತ್ತಾಳೆ ಕೂತುಕೊಂಡೇ,
ಒಂದೊಂದನ್ನೂ ಕುಂಡಿಯಿಂದ ಎಣಿಸುತ್ತ:
ಹದಿಮೂರು.
ಹತ್ತು ಗಂಟೆಗೆ ಕಾಲು ಸಡಿಲಾಗುತ್ತದೆ,
ಅಷ್ಟರಲ್ಲಿ ಶಾಲೆಯಲ್ಲಿ ಗಣಿತ ಮುಗಿದಿರುತ್ತದೆ.

ಶುಕ್ರವಾರ ಹಳದಿ ಸೂಜಿ.
ಚುಚ್ಚುವವನು ನಾನೇ. ಕಲಿತದ್ದು
ಮೊದಲು ಕಿತ್ತಳೆ ಹಣ್ಣಿನ ಮೇಲೆ, ಆಮೇಲೆ ಅವಳ ತೊಡೆಯ ಮೇಲೆ.
ಶನಿವಾರವಿಡೀ ವಾಕರಿಕೆ. ಹಳದಿ ಇದ್ದದ್ದು ಯಾವುದನ್ನೂ
ಮುಟ್ಟುವುದಿಲ್ಲ: ಬಾಳೆಹಣ್ಣು, ಚಿತ್ರಾನ್ನ,
ಅಜ್ಜಿ ಮುದ್ದೇಬಿಹಾಳದಿಂದ ಕಳಿಸಿದ ಲಂಗ.

ಡಾಕ್ಟರು ಹೇಳಿದ್ದರು:
ಇವಳ ಮೈಯ ಕಾವಲುನಾಯಿ ಕಳ್ಳರನ್ನು ಬಿಟ್ಟು
ಮನೆಯವರ ಮಂಡಿಗೇ ಬಾಯಿ ಹಾಕಿದೆ.
ಅದಕ್ಕೇ ಕಟ್ಟಿಹಾಕಿದ್ದೇವೆ.
ಕಟ್ಟಿದ ನಾಯಿ, ಕಳ್ಳ ಬಂದರೂ ಎದ್ದು ನಿಲ್ಲುವುದು ತಡ.
ಹಾಗೆಂದೇ ಲಸಿಕೆ:
ಕಳ್ಳನ ಹಳೆಯ ಅಂಗಿಯೊಂದನ್ನು ಈಗಲೇ ಮೂಸಿಸಿಡುವುದು.
ಅಂಗಿ ಸಾಕು. ಕೈಕಾಲು ಕಟ್ಟಿದ ಕಳ್ಳನನ್ನು ಕೂಡ
ಈ ಮನೆಯೊಳಕ್ಕೆ ತರುವಂತಿಲ್ಲ, ಸದ್ಯಕ್ಕೆ.

ಅಕ್ಟೋಬರಿನಲ್ಲಿ ಶಾಲೆಗೆ ನರ್ಸುಗಳು ಬಂದರು.
ಫ್ಲೂಗೆಂದು ಎಲ್ಲರ ಮೂಗಿಗೂ ಒಂದು ತುಂತುರು, ಒಂದು ಸೀನು, ನಗು.
ಅದು ಜೀವ ಇರುವುದು.
ಇವಳಿಗೆ ಸತ್ತದ್ದು, ಸೂಜಿಯದ್ದು.
ಸಾಲಿನಿಂದ ಕರೆದು ಪಕ್ಕಕ್ಕೆ ಕೂರಿಸಿದಾಗ
ಯಾರೋ ಕೇಳಿದರಂತೆ, ನಿನ್ನ ಮೂಗಿಗೇನಾಗಿದೆ?
"ನನ್ನ ನಾಯಿ ಕಟ್ಟಿದೆ" ಅಂದಳಂತೆ.
ಅಂದಿನಿಂದ ತರಗತಿಯವರೆಲ್ಲ ಕೇಳುತ್ತಾರೆ
ನಾಯಿಯ ಹೆಸರು.

ಮಾರ್ಚಿನಲ್ಲಿ ಚನ್ನುವಿನ ನರ್ಸರಿಯಿಂದ ಚೀಟಿ:
ಪಕ್ಕದ ಕೋಣೆಯ ಮಗುವಿಗೆ ಸೀತಾಳೆ ಸಿಡುಬು.
ಫೋನಿನಲ್ಲಿ ಅವ್ವ, "ಹಂಗ ಅನಬ್ಯಾಡ. ಅಮ್ಮ ಬಂದಾಳ ಅನ್ನು.
ಬೇವು ಕಟ್ಟು, ಮೊಸರನ್ನದ ಎಡಿ ಇಡು, ತಣ್ಣಗ ಹೋಗ್ತಾಳ."
ಹೇಗೆ ಹೇಳಲಿ ಅವ್ವನಿಗೆ,
ಎಲ್ಲರ ಮನೆಗೂ ಒಂದೇ ಥರ ಬರುವವಳಲ್ಲ ಅವಳು;
ಬೇರೆ ಮಕ್ಕಳಲ್ಲಿ ವಾರವಿದ್ದು ಕಲೆ ಬಿಟ್ಟು ಹೊರಡುವವಳು
ಇವಳಲ್ಲಿ ಪುಪ್ಪುಸದ ತನಕ ಇಳಿದಾಳು.
ಹೇಳಲಿಲ್ಲ. ಹೂಂ ಅಂದೆ.
ಅವ್ವ ಇಟ್ಟ ಕೂಡಲೆ ಆಸ್ಪತ್ರೆಗೆ ಫೋನು ಹಚ್ಚಿದೆ.

"ಅಕ್ಕನಿಗೆ ಆಗದ್ದು ತಮ್ಮನಿಗೆ ಆಗುತ್ತದೆ, ಲವ್,"
ಅಂದಳು ಬ್ರಯನಿ ಸಿಸ್ಟರ್, "ಅವನಿಗೆ ಹಾಕೋಣ.
ಬಾಗಿಲಲ್ಲಿ ಅವನು ನಿಂತಿರಲಿ."

ನಾಲ್ಕು ವರ್ಷದ ಚನ್ನು ತೋಳು ತಾನೇ ಮಡಚಿದ.
ಅಳಲಿಲ್ಲ. ಸೂಜಿ ಹೊರಬಂದ ಮೇಲೆ
ಏನೋ ಲೆಕ್ಕ ಹಾಕಿ ಕೇಳಿದ:
"ಇದು ಅಕ್ಕನ ಸಲುವಾಗಿ ಅಂದಿ.
ಮತ್ತ ನನಗ್ಯಾಕ ನೋಯ್ತದ?"
ಆಮೇಲೆ ಕಾರಿಡಾರು ತುಂಬ ಅತ್ತ.

ಶುಕ್ರವಾರಗಳಿಗೆಂದು ಕೂಡಿಟ್ಟ ಅಂಟುಪಟ್ಟಿಗಳಲ್ಲಿ
ಒಂದೇ ಒಂದು ಉಳಿದಿದ್ದ ಡೈನೋಸಾರನ್ನು
ನೀಲಾ ಅವನ ತೋಳಿಗೆ ಹಚ್ಚಿದಳು.
"ಒತ್ತಿ ಹಿಡಿ. ಹತ್ತರ ತನಕ ಎಣಿಸು.
ಅಪ್ಪನ ಹಾಗೆ ಒಂಬತ್ತು ಹಾರಿಸಬೇಡ."

ಅವಳಿಗೆ ಗೊತ್ತಿತ್ತು.
ಸೂಜಿ ಒಳಗಿರುವಾಗ ನಾನು
ಎಂಟರಿಂದ ಸೀದಾ ಹತ್ತಕ್ಕೆ ಹಾರುವುದು,
ಇಷ್ಟು ದಿನ.

ಈಗ ರಾತ್ರಿ ಊಟವಾದ ಮೇಲೆ ಟಾರ್ಚು ಹಿಡಿದು
ಚನ್ನುವಿನ ಹೊಟ್ಟೆ ಬೆನ್ನು ಹುಡುಕುತ್ತೇನೆ.
ಲಸಿಕೆಯದೇ ಗುಳ್ಳೆ ಎದ್ದರೆ
ಇಬ್ಬರನ್ನೂ ಬೇರೆ ಮಲಗಿಸಬೇಕು.
ನಿನ್ನೆ ಪಕ್ಕೆಯ ಮೇಲೆ ಕೆಂಪಗೆ ಒಂದು.
ಟಾರ್ಚು ನಡುಗಿತು.
ಅವನು ಬೆರಳಿಂದ ಒರೆಸಿ ಬಾಯಿಗಿಟ್ಟುಕೊಂಡ:
ಸ್ಟ್ರಾಬೆರಿ ಜಾಮು.
"ನನಗೂ ಇಟ್ಟಿದ್ದೀಯೇನೋ?" ಮೇಲಿನ ಮೆಟ್ಟಿಲಿಂದ ಅವಳು.

ನಾಳೆ ಶುಕ್ರವಾರ.
ಒಂಬತ್ತನ್ನೂ ಎಣಿಸಬೇಕು.