ಎಡಬದಿಯ ಸೊನ್ನೆ

ರಾಗಿಕಾಳಿನ ಮೂರರಲ್ಲೊಂದು ಪಾಲು ಉದ್ದ
ಈ ನೊಣದ ಮೊಟ್ಟೆ.
ಸೇಬಿನ ರಸ ಹೆಪ್ಪುಗಟ್ಟಿಸಿದ ತಟ್ಟೆಯಿಂದ
ಕುಂಚದ ತುದಿಯಲ್ಲಿ ಎತ್ತಿ,
ಬಟ್ಟೆಯ ಕಲೆ ತೆಗೆಯುವ ನೀರಿನಲ್ಲಿ ಸಿಪ್ಪೆ ಕಳಚಿ,
ಗಾಜಿಗೆ ಅಂಟಿಸುತ್ತಾಳೆ ವೋರ್ಶಾ.
ಡ್ರೆಸ್ಡನ್ನಿನಲ್ಲಿ ರಾತ್ರಿ ಎರಡು ಗಂಟೆ.
ಹೊರಗೆ ಎಲ್ಬೆ ನದಿ
ಕರಗಿದ ಹಿಮದ ಕೆಸರು ಹೊತ್ತು ಸಾಗಿದೆ,
ಕತ್ತಲ ಕೋಣೆಯಲ್ಲಿ ಸಾಸಿವೆಯಷ್ಟು ಹಸಿರು ಬೆಳಕು.

ನನ್ನದು ಮೂರು ಮಹಡಿ ಮೇಲೆ,
ಒಣ ಕೆಲಸ. ನೀರಿಲ್ಲ, ವಾಸನೆಯಿಲ್ಲ.
ಒಂದು ಸಮೀಕರಣ, ಒಂದು ಹೀಟರು.

ಮೊಟ್ಟೆಯ ಒಂದು ತುದಿಯಲ್ಲಿ
ತಾಯಿ ಕಟ್ಟಿಟ್ಟು ಹೋದ ಬುತ್ತಿ.
ಅದರಿಂದ ಪ್ರೋಟೀನು ಹುಟ್ಟಿ ಹುಟ್ಟಿ
ಗೊತ್ತುಗುರಿಯಿಲ್ಲದೆ ಅಲೆಯುತ್ತದೆ,
ಎಡವಿ, ಹಿಂದೆ ಬಂದು, ಮತ್ತೆ ಮುಂದೆ;
ಬಿಡಾಡಿ ದನಕ್ಕೂ ಸಂಜೆಗೊಂದು ಮರವಿದೆ,
ಇದಕ್ಕದೂ ಇಲ್ಲ.
ಅಲೆಯುತ್ತಲೇ ಅಳಿಯುತ್ತದೆ.
ಹುಟ್ಟಿದಲ್ಲಿ ದಟ್ಟ, ಹೋದಂತೆ ತೆಳು,
ಇನ್ನೂ ದೂರದಲ್ಲಿ ಇತ್ತೋ ಇಲ್ಲವೋ.
ಸಾಲಾಗಿ ಕೂತ ಕೋಶಕೇಂದ್ರಗಳು
ತಮ್ಮ ಬಾಗಿಲಿಗೆ ಬಂದವರನ್ನು ಎಣಿಸಿ
ತಾವೆಲ್ಲಿದ್ದೇವೆಂದು ತಿಳಿಯುತ್ತವೆ.
ಸಾವಿರ ಬಂದರೆ ತಲೆ,
ನೂರು ಬಂದರೆ ಎದೆ,
ಯಾರೂ ಬಾರದಿದ್ದರೆ ಬಾಲ. ಅದೂ ಒಂದು ಸುದ್ದಿಯೇ.

ಅಳಿವನ್ನು ಒಮ್ಮೆ ತೆಗೆದು ನೋಡಿದೆ,
ಒಂದು ಅಕ್ಷರ ಅಳಿಸಿದರೆ ಸಾಕು.
ಯಾವುದೂ ಸಾಯದ ಮೊಟ್ಟೆ
ತುದಿಯಿಂದ ತುದಿಗೆ ಒಂದೇ ಸಮ ತುಂಬಿ
ಎಲ್ಲ ಕಡೆ ತಲೆಯಾಯಿತು.
ಅಳಿವಿಲ್ಲದೆ ಅಳತೆಯಿಲ್ಲ
ಎಂದು ಕಾಗದದ ಅಂಚಿಗೆ ಬರೆದು,
ಚೆಂದವಾಯಿತೆಂದೇ ಅನುಮಾನ ಬಂದು
ಹೊಡೆದು ಹಾಕಿದೆ.

ತೊಂದರೆ ಬೇರೆ ಇತ್ತು.
ಲೇಸರಿನಿಂದ ಹಸಿರಿನಲ್ಲೊಂದು ಕಪ್ಪು ಚೌಕ ಸುಟ್ಟು,
ಸುತ್ತಲಿನ ಹಸಿರು ಬಂದು ಮುಚ್ಚುವ ತನಕ
ಸೆಕೆಂಡು ಎಣಿಸುತ್ತಾಳೆ ವೋರ್ಶಾ.
ಆ ಎಣಿಕೆ ಹಾಕಿದರೆ
ನನ್ನ ರೇಖೆ ನೆಲೆ ನಿಲ್ಲಲು ಐದು ಗಂಟೆ ಬೇಕು.
ಮೊಟ್ಟೆಗೆ ಅಷ್ಟು ಪುರುಸೊತ್ತಿಲ್ಲ,
ಎರಡೇ ಗಂಟೆಯಲ್ಲಿ ಪಟ್ಟೆ ಬರೆದುಕೊಂಡು ಕೂತಿರುತ್ತದೆ.
"ನಿನ್ನ ಎಣಿಕೆ ತಪ್ಪು" ಎಂದೆ.
"ನೊಣಕ್ಕೆ ಹೇಳು" ಎಂದಳು.
ಹನ್ನೊಂದು ವಾರ ಹೀಗೇ.

ಈಸ್ಟರಿನ ಹಿಂದಿನ ಭಾನುವಾರ
ಬೌಟ್ಸನ್ ಆಚೆ ಅವಳ ಸೋದರತ್ತೆಯ ಅಡುಗೆಮನೆ.
ಸೋರ್ಬಿಯನ್ ಬೈಗುಳ, ಜೇನುಮೇಣದ ಕಂಪು.
ಹೆಬ್ಬಾತಿನ ಗರಿಯನ್ನು ಮುಕ್ಕೋನವಾಗಿ ಕತ್ತರಿಸಿ,
ಬಿಸಿ ಮೇಣದಲ್ಲಿ ಅದ್ದಿ
ಕೋಳಿಮೊಟ್ಟೆಯ ಮೇಲೆ ಒತ್ತುತ್ತಿದ್ದಳು ಮುದುಕಿ.
ಕೈ ನಡುಗುತ್ತಿತ್ತು. ಒಂದೊಂದು ಗುರುತೂ ಸೊಟ್ಟ,
ಇಡೀ ಸಾಲು ನೆಟ್ಟಗೆ.
ಹೇಗೆ, ಎಂದೆ.
ಪಕ್ಕದ್ದನ್ನು ನೋಡಿ ಇಡ್ತೀನಿ, ಎಂದಳು.
ಹಳದಿ ಬಣ್ಣ ಅರ್ಧ ಏರಿತ್ತು ಅಷ್ಟೆ,
ಎತ್ತಿ ಮತ್ತೆ ಮೇಣ ಹಾಕತೊಡಗಿದಳು.
ನಿಲ್ಲಲಿ, ಬಣ್ಣ ಪೂರ್ತಿ ಹಿಡಿಯಲಿ, ಎಂದೆ.
ವೋರ್ಶಾ ನಗುತ್ತ ಅವಳ ಭಾಷೆಗೆ ದಾಟಿಸಿದಳು.
ಮುದುಕಿ ತಲೆಯೆತ್ತಲಿಲ್ಲ:
ಯಾರು ಕಾಯ್ತಾರೆ?

ಮರಳುವಾಗ ಬಸ್ಸಿನ ಕಿಟಕಿಯ ಮಬ್ಬಿನ ಮೇಲೆ
ಬೆರಳಿನಲ್ಲಿ ಸಮೀಕರಣ ಬರೆದೆ.
ಎಡಬದಿಯಲ್ಲಿ ನಾನೇ ಇಟ್ಟ ಸೊನ್ನೆ,
ಇನ್ನು ಬದಲಾಗುವುದೇನೂ ಇಲ್ಲ ಎಂಬ ಸೊನ್ನೆ,
ಯಾರೂ ಪ್ರಶ್ನಿಸದೆ ಕೂತು ಕೂತು
ಮನೆಯ ಹಿರಿಯನಾಗಿಬಿಟ್ಟಿತ್ತು.
ಹೆಬ್ಬೆರಳಿನಿಂದ ಒರೆಸಿದೆ.
ಆ ತೂತಿನಲ್ಲಿ ಒಂದು ಹೊಲ ಹಾದುಹೋಯಿತು, ಒಂದು ಗಾಳಿಯಂತ್ರ.

ಓಲೆ ಬರೆದು ಮುಗಿಯುವ ಮೊದಲೇ
ಓದಿಬಿಡುತ್ತವೆ ಇವು,
ಇನ್ನೂ ಏರುತ್ತಿರುವುದನ್ನೇ ಎಣಿಸಿ,
ಪಕ್ಕದವರನ್ನು ನೋಡಿ.

ಈಗ ತಪ್ಪು ಗಂಟೆಗಳದ್ದಲ್ಲ,
ಹನ್ನೆರಡು ನಿಮಿಷದ್ದು.
ಆ ಹನ್ನೆರಡು ಯಾರ ಪಾಲಿನದೆಂದು
ಜಗಳ ನಡೆದೇ ಇದೆ.
ಮೇಜಿನ ಮೇಲೆ ಮುದುಕಿ ಕೊಟ್ಟ ಮೊಟ್ಟೆ:
ಹೊರಗೆ ಸೊಟ್ಟ ಮುಕ್ಕೋನಗಳ ನೇರ ಸಾಲು;
ಒಳಗೆ ಯಾರೂ ಏನೂ ಬರೆದಿಲ್ಲ,
ಭಂಡಾರ ಒಣಗಿ ಗೋಲಿಯಾಗಿದೆ.
ಲೆಕ್ಕ ಓಡುವ ಹೊತ್ತಿನಲ್ಲಿ ಎತ್ತಿ
ಕಿವಿಯ ಹತ್ತಿರ ಅಲುಗಿಸುತ್ತೇನೆ.